ಬೀರಪ್ಪನಿಗೊಂದು ಕಾಯಿ

ಹೆಸರು ಅಳಿಸಿಹೋಗಿದೆ, ಸತ್ತ ಇಸವಿ ಯಾರಿಗೂ ಗೊತ್ತಿಲ್ಲ, ಯಾರ ಪರವಾಗಿ ಕಾದಿದನೋ ಆ ರಾಜ್ಯವೂ ಇಲ್ಲ. ಆದರೂ ದೊಡ್ಡಹಬ್ಬದ, ಅಂದರೆ ದೀಪಾವಳಿಯ, ದಿನ ಅವನ ಪಾಲಿನ ಕಾಯಿ ತಪ್ಪುವುದಿಲ್ಲ. ಕಾಳಗದಲ್ಲಿ ಮಡಿದವರನ್ನು ಉತ್ತರ ಕನ್ನಡದ ಸೋಂದಾ ಸೀಮೆ ಮನೆಯವರಂತೆ ಸಾಕಿಕೊಂಡು ಬಂದಿದೆ. ಸರ್ಕಾರ ಅವರನ್ನು ಪಟ್ಟಿ ಮಾಡಿ ಇಟ್ಟುಕೊಂಡಿದೆ. ಎರಡಕ್ಕೂ ಒಂದೊಂದು ಕೊರತೆ ಇದೆ.

ದೊಡ್ಡಹಬ್ಬದ ಬೆಳಗು. ಕೊಟ್ಟಿಗೆಯಲ್ಲಿ ದನಗಳ ಮೈಮೇಲೆ ಶೇಡಿ, ಕೆಮ್ಮಣ್ಣಿನ ಅಚ್ಚು ಬಿದ್ದಾಗಿದೆ. ಅಡಿಕೆ, ಪಚ್ಚೆತೆನೆ, ಚೆಂಡುಹೂವಿನ ಸರ ಕೊರಳಿಗೇರಿದೆ. ಗೋಪೂಜೆ ಮುಗಿಯಿತೆಂದರೆ ಮಕ್ಕಳ ಕೈಗೆ ಜಾಗಟೆ ಬರುತ್ತದೆ, ಯಜಮಾನರ ಕೈಗೆ ಹರಿವಾಣ.

ಹರಿವಾಣದಲ್ಲಿ ನಾಲ್ಕಾರು ಕಾಯಿ, ಒಂದು ಎಸಳು ಸಿಂಗಾರ, ಕುಂಕುಮದ ಬಟ್ಟಲು. ಮೆರವಣಿಗೆ ತೋಟದ ದಾರಿಗೆ ಇಳಿಯುತ್ತದೆ. ನಾಗನಿಗೊಂದು, ಚೌಡಿಗೊಂದು, ಹುಲಿದೇವರಿಗೊಂದು ಕಾಯಿ. ಕೊನೆಗೆ ಸೊಪ್ಪಿನಬೆಟ್ಟದ ಅಂಚಿಗೆ ಬಂದು ನಿಲ್ಲುತ್ತದೆ. ಮರದ ಬುಡದಲ್ಲಿ ಸೊಂಟದವರೆಗೆ ಹೂತ ಕಲ್ಲೊಂದಿದೆ. ಅದಕ್ಕೂ ಒಂದು.

ನೀರು ಹಾಕಿ ತಿಕ್ಕಿದರೆ ಹಾವಸೆ ಬಿಟ್ಟು ಕೆತ್ತನೆ ಮೇಲೇಳುತ್ತದೆ. ಎತ್ತಿದ ಕತ್ತಿ, ಎದೆಗೆ ಹಿಡಿದ ಗುರಾಣಿ, ಕಚ್ಚೆ ಬಿಗಿದ ನಡು. ಮುಖ ಸವೆದು ನುಣ್ಣಗಾಗಿದೆ. ಅದರ ಮೇಲೆಯೇ ಕುಂಕುಮದ ಬೊಟ್ಟು ಬೀಳುತ್ತದೆ.

ಯಾರ ಕಲ್ಲು ಇದು ಎಂದು ಕೇಳಿದರೆ ಈ ಕಡೆ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: ‘ಎಂತದೋ, ಬೀರಪ್ಪ ಹೇಳ್ತ. ಹಿಂದಿಂದ ನಡ್ಕಂಡು ಬಂಜು ಮಾರಾಯ.’

ಮೂರು ಅಂತಸ್ತಿನ ಕಲ್ಲು

ಶಾಸ್ತ್ರದ ಮಾತಿನಲ್ಲಿ ಇದು ವೀರಗಲ್ಲು. ಕರ್ನಾಟಕದಲ್ಲಿ ಇವು ಸಾವಿರಾರು ಇವೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಸುತ್ತ, ಪಕ್ಕದ ಸೊರಬ, ಹಾನಗಲ್ ಸೀಮೆಗಳಲ್ಲಿ ಕಣ್ಣಿಟ್ಟು ನಡೆದರೆ ಎದುರಾಗುತ್ತಲೇ ಇರುತ್ತವೆ. ದೇವಸ್ಥಾನದ ಅಂಗಳದಲ್ಲಿ, ಕೆರೆ ಏರಿಯ ಮೇಲೆ, ಕೆಲವೊಮ್ಮೆ ಬಟ್ಟೆ ಒಗೆಯುವ ಕಲ್ಲಾಗಿಯೂ.

ಅವುಗಳ ಮಾದರಿ ಒಂದೇ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ನಡುವೆ ಅಪ್ಸರೆಯರು ಸತ್ತವನನ್ನು ಆಚೀಚೆ ಹಿಡಿದು ಮೇಲಕ್ಕೆ ಒಯ್ಯುವ ನೋಟ. ತುದಿಯಲ್ಲಿ ಅವನು ಲಿಂಗದ ಮುಂದೆ ಕೈಮುಗಿದು ಕುಳಿತಿರುತ್ತಾನೆ. ಜೈನನಾಗಿದ್ದರೆ ಜಿನನ ಮುಂದೆ. ಮೇಲೆ ಸೂರ್ಯ, ಚಂದ್ರ. ಅವೆರಡೂ ಇರುವ ತನಕ ಇವನ ಹೆಸರೂ ಇರಲಿ ಎಂಬುದು ಲೆಕ್ಕ.

ಸೂರ್ಯಚಂದ್ರರು ಇದ್ದಾರೆ. ಹೆಸರು ಮಾತ್ರ ನಾನೂರು ಮಳೆಗಾಲ ನಿಂತ ಕಲ್ಲಿನಿಂದ ಯಾವಾಗಲೋ ಇಳಿದುಹೋಗಿದೆ. ಅನೇಕ ಕಲ್ಲುಗಳಲ್ಲಿ ಮೊದಲಿನಿಂದಲೇ ಬರಹವಿರಲಿಲ್ಲ. ಊರಿಗೆ ಗೊತ್ತಿದ್ದವನ ಹೆಸರನ್ನು ಊರೇಕೆ ಬರೆದಿಡಬೇಕು?

ಇವರೆಲ್ಲ ರಾಜರ ಯುದ್ಧದಲ್ಲಿ ಸತ್ತವರೇ ಎಂದುಕೊಂಡರೆ ತಪ್ಪು. ಬರಹವಿರುವ ಕಲ್ಲುಗಳನ್ನು ಓದಿದರೆ ಬೇರೆಯೇ ಚಿತ್ರ ಸಿಗುತ್ತದೆ. ದನ ಹೊಡೆದುಕೊಂಡು ಹೋಗುತ್ತಿದ್ದವರ ಬೆನ್ನಟ್ಟಿದವನು, ಹೆಣ್ಣುಮಕ್ಕಳ ಮಾನ ಉಳಿಸಲು ಅಡ್ಡ ನಿಂತವನು, ಊರಿಗೆ ಬೆಂಕಿ ಬಿದ್ದಾಗ ಕತ್ತಿ ಹಿರಿದವನು, ಗಡಿ ಜಗಳದಲ್ಲಿ ಬಿದ್ದವನು, ಹುಲಿಯೊಡನೆ ಸೆಣಸಿದವನು. ಅಂದರೆ ಬಹಳ ಮಂದಿ ಸಂಬಳದ ಸೈನಿಕರೇ ಅಲ್ಲ. ಬೆಳಿಗ್ಗೆ ಗದ್ದೆಗೆ ಹೋದವರು.

ಚೌಕಟ್ಟು: ನಾಯಿಗೂ ಒಂದು ಕಲ್ಲು

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಕ್ರಿ.ಶ. 949ರ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರ ಎಂಬ ವೀರನಿಗೆ ಏನು ಬೇಕೆಂದು ದೊರೆ ಕೇಳಿದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಕಾಳಿ ಕಾಡುಹಂದಿಯೊಂದಿಗೆ ಸೆಣಸಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದಕ್ಕೆ ಕಲ್ಲು ನೆಡಿಸಿ, ಭೂಮಿ ಬಿಟ್ಟು, ಪೂಜೆಯ ಏರ್ಪಾಡು ಮಾಡಿದರು. ಆ ಕಲ್ಲಿಗೆ ಪೂಜೆ ಮಾಡದೆ ಉಂಡ ಪೂಜಾರಿಗೆ ಪಾಪ ತಟ್ಟುತ್ತದೆ ಎಂದೂ ಕೊರೆಸಿದರು.

ಮೆಣಸಿನ ಘಾಟು

ಸೋಂದಾ ಎಂದರೆ ಇಂದಿನ ಓದುಗರಿಗೆ ವಾದಿರಾಜರ ಬೃಂದಾವನ, ಸ್ವರ್ಣವಲ್ಲಿ ಮಠ, ಸ್ವಾದಿ ಜೈನಮಠ, ಮುಂಡಿಗೆ ಕೆರೆಗೆ ಬರುವ ಬೆಳ್ಳಕ್ಕಿ. ಶಾಂತವಾದ ಊರು. ಶಾಲ್ಮಲೆಯ ದಡದ ಕೋಟೆಯನ್ನು ಹುಡುಕಿಕೊಂಡು ಹೋಗುವವರು ಕಡಿಮೆ.

ಆದರೆ ಇದು ರಾಜಧಾನಿಯಾಗಿತ್ತು. ವಿಜಯನಗರದ ಆಳ್ವಿಕೆಯ ಕೊನೆಯ ದಿನಗಳಲ್ಲಿ, 1555ರಲ್ಲಿ ಪಟ್ಟಕ್ಕೆ ಬಂದ ಅರಸಪ್ಪ ನಾಯಕನಿಂದ ಹಿಡಿದು ಎರಡು ಶತಮಾನ ಇಲ್ಲಿ ಒಂದು ರಾಜ್ಯ ನಡೆಯಿತು. ಘಟ್ಟದ ಮೇಲಿನ ಕಾಳುಮೆಣಸು ಈ ರಾಜ್ಯದ ಸಂಪತ್ತು. ಅದೇ ಅದರ ಕಂಟಕವೂ ಆಯಿತು. ಒಂದು ಕಡೆ ಕೆಳದಿ, ಇನ್ನೊಂದು ಕಡೆ ಬಿಜಾಪುರ, ಆಮೇಲೆ ಮರಾಠರು, ಕಡಲ ಕಡೆಯಿಂದ ಪೋರ್ಚುಗೀಸರು. ಯಾರನ್ನೂ ಪೂರ್ತಿ ಗೆಲ್ಲಲಾಗದ, ಯಾರಿಗೂ ಪೂರ್ತಿ ಸೋಲದ ರಾಜ್ಯವೊಂದು ಎಷ್ಟು ತಲೆಮಾರು ಕಾಳಗಕ್ಕೆ ಗಂಡಸರನ್ನು ಕಳಿಸಿರಬೇಕು!

1763ರ ಸುಮಾರಿಗೆ ಹೈದರಾಲಿಯ ಸೇನೆ ಬಂತು. ಕೊನೆಯ ಅರಸ ಇಮ್ಮಡಿ ಸದಾಶಿವ ಘಟ್ಟ ಇಳಿದು ಗೋವೆಯ ಪೋರ್ಚುಗೀಸರ ಆಶ್ರಯ ಸೇರಿದ. ಅವನ ವಂಶದವರು ಪೋಂಡಾ ಬಳಿಯ ಬಾಂದೋಡದಲ್ಲಿ ನೆಲೆ ನಿಂತರು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಈ ದಾರಿಯಲ್ಲಿ ಹಾದುಹೋದಾಗ ಕಂಡದ್ದು ಹಾಳುಬಿದ್ದ ಪಟ್ಟಣವನ್ನು.

ರಾಜ ಓಡಿದ. ಅವನಿಗಾಗಿ ಸತ್ತವರು ಇಲ್ಲೇ ಉಳಿದರು. ಅರಮನೆಗೆ ದೀಪ ಹಚ್ಚುವವರಿಲ್ಲದ ಊರಿನಲ್ಲಿ ಕಾಲಾಳುವಿನ ಕಲ್ಲಿಗೆ ಎಣ್ಣೆ ಬೀಳುತ್ತದೆ. ಚರಿತ್ರೆ ಹೀಗೆ ಒಮ್ಮೊಮ್ಮೆ ಕೆಳಗಿನವರ ಕಡೆ ವಾಲುತ್ತದೆ.

ರೇಷನ್ ಕಾರ್ಡಿನಲ್ಲಿ ವೀರರು

ಉತ್ತರ ಕನ್ನಡದ ವಿಶೇಷ ಇರುವುದು ಕಲ್ಲಿನಲ್ಲಿ ಅಲ್ಲ, ಕಲ್ಲಿನ ಮುಂದಿನ ನಡಾವಳಿಯಲ್ಲಿ. ಬಯಲುಸೀಮೆಯ ಎಷ್ಟೋ ಕಡೆ ವೀರಗಲ್ಲು ಬರೀ ಹಳೆಯ ಕಲ್ಲು. ಇಲ್ಲಿ ಅದು ದೈವ. ಘಟ್ಟದ ಕೆಳಗೆ ಹೋದರೆ ಜಟಗನ ಮನೆ, ಮಾಸ್ತಿ ಮನೆ, ಬೀರನ ಕಟ್ಟೆ ಇಲ್ಲದ ಊರು ಅಪರೂಪ. ಹೋರಾಡಿ ಸತ್ತವನು, ಹುಲಿ ಹೊಡೆದು ಸತ್ತವನು, ಗಂಡನ ಚಿತೆಯೇರಿದ ಮಾಸ್ತಿ, ಎಲ್ಲರೂ ಊರು ಕಾಯುವ ಕೆಲಸಕ್ಕೆ ಸೇರಿಕೊಂಡಿದ್ದಾರೆ. ಸತ್ತ ಮೇಲೂ ರಜೆ ಇಲ್ಲ.

ದೈವವಾದ ಮೇಲೆ ಅವರಿಗೆ ಹಕ್ಕುಗಳಿವೆ. ವರ್ಷಕ್ಕೊಮ್ಮೆ ಕಾಯಿ, ಕೆಲವು ಕಡೆ ಕೋಳಿ. ದನ ಕಳೆದರೆ ಹರಕೆ, ಬೆಳೆ ಬಂದರೆ ಮೊದಲ ಗೊನೆ. ತಪ್ಪಿದರೆ ಕನಸಿನಲ್ಲಿ ಬಂದು ಕೇಳುತ್ತಾರೆ ಎಂಬ ಅಂಜಿಕೆಯೂ ಇದೆ.

ಅಷ್ಟಕ್ಕೇ ನಿಂತಿಲ್ಲ. ಜಟ್ಟಪ್ಪ, ಬೀರಪ್ಪ, ಮಾಸ್ತಪ್ಪ, ಮಾಸ್ತಮ್ಮ ಎಂಬ ಹೆಸರುಗಳು ಈ ಜಿಲ್ಲೆಯ ಮತದಾರರ ಪಟ್ಟಿಯಲ್ಲಿ, ರೇಷನ್ ಕಾರ್ಡಿನಲ್ಲಿ ಎಷ್ಟು ಬೇಕಾದರೂ ಸಿಗುತ್ತವೆ. ಹರಕೆ ಹೊತ್ತು ಹುಟ್ಟಿದ ಮಗುವಿಗೆ ಆ ದೈವದ ಹೆಸರು. ಯಾವನೋ ಯಾವತ್ತೋ ಒಂದು ಗದ್ದೆಯಂಚಿನಲ್ಲಿ ಬಿದ್ದ. ಅವನ ಸ್ವಂತ ಹೆಸರು ಹೋಯಿತು. ಆದರೆ ಅವನು ಏನಾಗಿದ್ದನೋ ಅದು ಶಾಲೆಯ ಹಾಜರಿ ಪುಸ್ತಕದಲ್ಲಿ ದಿನಾ ಬೆಳಿಗ್ಗೆ ‘ಹಾಜರ್’ ಎನ್ನುತ್ತದೆ.

ಮಾಸ್ತಿಯ ಕಲ್ಲಿನ ಮುಂದೆ ಮಾತ್ರ ನನಗೆ ಕೈ ಸರಾಗವಾಗಿ ಮುಗಿಯಲು ಆಗುವುದಿಲ್ಲ. ಕಂಬದಿಂದ ಹೊರಬಂದ ಒಂದು ತೋಳು, ಮೇಲಕ್ಕೆತ್ತಿದ ಅಂಗೈ, ಒಡೆಯದ ಬಳೆಗಳು, ಬೆರಳ ಸಂದಿನಲ್ಲಿ ನಿಂಬೆಹಣ್ಣು. ಕೆತ್ತಿದವನ ಕೈ ಚೆನ್ನಾಗಿಯೇ ಓಡಿದೆ. ಆದರೆ ಕತ್ತಿ ಹಿಡಿದವನಿಗೆ ಓಡಿಹೋಗುವ ದಾರಿಯಾದರೂ ಇತ್ತು. ಇವಳಿಗೆ ಇತ್ತೇ? ಊರು ಇಬ್ಬರಿಗೂ ಒಂದೇ ಕುಂಕುಮ ಹಚ್ಚುತ್ತದೆ. ಈ ಲೆಕ್ಕವನ್ನು ನಾವು ಬೇರೆ ಮಾಡಿ ನೋಡಬೇಕು.

ನೆತ್ತರಿಗೆ ಭೂಮಿ

ನೆನಪೆಂದರೆ ಬರೀ ಕಾಯಿ ಕರ್ಪೂರವಲ್ಲ. ಸತ್ತವನ ಮನೆಯವರು ಏನು ಉಣ್ಣಬೇಕು ಎಂಬುದನ್ನೂ ಹಳಬರು ಯೋಚಿಸಿದ್ದರು. ನೆತ್ತರುಗೊಡಗೆ ಎಂದು ಶಾಸನಗಳು ಹೇಳುವುದು ಇದನ್ನೇ. ಹರಿಸಿದ ರಕ್ತಕ್ಕೆ ಬದಲಾಗಿ ಕುಟುಂಬಕ್ಕೆ ಬಿಟ್ಟ ಗದ್ದೆ. ಕತ್ತಿಯನ್ನು ತೊಳೆದು ಕೊಡುವ ಬಾಳ್ಗಳ್ಚು ಎಂಬ ದತ್ತಿಯೂ ಇತ್ತು. ಕಲ್ಲು ನೆಡುವ ಖರ್ಚನ್ನು ಕೆಲವೊಮ್ಮೆ ಊರು, ಕೆಲವೊಮ್ಮೆ ಒಡಹುಟ್ಟಿದವರು, ಕೆಲವೊಮ್ಮೆ ದೊರೆ ಹೊತ್ತರು.

ನಮ್ಮ ಸರ್ಕಾರವೂ ಅದನ್ನೇ ಬೇರೆ ಭಾಷೆಯಲ್ಲಿ ಬರೆದುಕೊಂಡಿದೆ. 1969ರ ಕರ್ನಾಟಕ ಭೂ ಮಂಜೂರಾತಿ ನಿಯಮಗಳಲ್ಲಿ ಮಾಜಿ ಸೈನಿಕರಿಗೆಂದೇ ಪಾಲು ಮೀಸಲಿದೆ. ಕಾಗದದ ಮೇಲೆ ಇದು ಹಳಬರ ಕೊಡುಗೆಗಿಂತ ಅಚ್ಚುಕಟ್ಟು. ಆದರೆ ಸುಮಾರು ಶೇ 80ರಷ್ಟು ಅರಣ್ಯವೇ ಇರುವ ಜಿಲ್ಲೆಯಲ್ಲಿ ಕೊಡಲು ಕಂದಾಯ ಭೂಮಿ ಎಲ್ಲಿಂದ ತರುವುದು? ಅಜ್ಜನ ಕಾಲದಿಂದ ಉಳುತ್ತಿರುವ ಗದ್ದೆಯೇ ‘ಅತಿಕ್ರಮಣ’ ಆಗಿರುವ ಊರಿನಲ್ಲಿ, ಹದಿನೇಳು ವರ್ಷ ಸೈನ್ಯದಲ್ಲಿ ದುಡಿದು ಬಂದವನಿಗೆ ಅರ್ಜಿ ಹಿಡಿದು ತಿರುಗುವುದು ಹೊಸ ಕಸರತ್ತು.

ಸನ್ಮಾನಕ್ಕೇನೂ ಕೊರತೆಯಿಲ್ಲ. ಈಚಿನ ವರ್ಷಗಳಲ್ಲಿ ನಿವೃತ್ತನಾಗಿ ಬರುವ ಯೋಧನನ್ನು ಬಸ್‌ಸ್ಟ್ಯಾಂಡಿನಿಂದಲೇ ಎದುರುಗೊಳ್ಳುವುದು ಉತ್ತರ ಕರ್ನಾಟಕದಲ್ಲೆಲ್ಲ ರೂಢಿಯಾಗಿದೆ. ತೆರೆದ ಜೀಪು, ಡೊಳ್ಳು, ಹೂಮಾಲೆ, ಶಾಲು, ಶಾಲಾ ಮಕ್ಕಳ ಜಯಘೋಷ. ಒಳ್ಳೆಯದೇ. ಮಾರನೆಯ ದಿನದಿಂದ ಆತ ಪಿಂಚಣಿ, ಮಕ್ಕಳ ಕಾಲೇಜು ಸೀಟು, ತೋಟದ ಕೊಳೆರೋಗ ಎಂದು ಓಡಾಡುವಾಗ ಆ ಜೀಪು ಇರುವುದಿಲ್ಲ.

ಚೌಕಟ್ಟು: ಯೋಧರ ದಿನಗಳು

ಜನವರಿ 14: ಮಾಜಿ ಸೈನಿಕರ ದಿನ. 1953ರ ಇದೇ ದಿನ ಸೇನೆಯಿಂದ ನಿವೃತ್ತರಾದವರು ಕೊಡಗಿನ ಕೆ.ಎಂ. ಕಾರ್ಯಪ್ಪ.

ಜನವರಿ 15: ಸೇನಾ ದಿನ. 1949ರಲ್ಲಿ ಅದೇ ಕಾರ್ಯಪ್ಪ ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ದಿನ.

ಜುಲೈ 26: ಕಾರ್ಗಿಲ್ ವಿಜಯ ದಿವಸ.

ಸೆಪ್ಟೆಂಬರ್ 23: ಹೈಫಾ ದಿನ. 1918ರಲ್ಲಿ ಮೈಸೂರು, ಜೋಧಪುರದ ಕುದುರೆ ಪಡೆಗಳು ಹೈಫಾ ಪಟ್ಟಣವನ್ನು ಗೆದ್ದವು. ಮೈಸೂರು ಲ್ಯಾನ್ಸರ್ಸ್ ಪಡೆಯ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ.

ಡಿಸೆಂಬರ್ 7: ಸಶಸ್ತ್ರ ಪಡೆಗಳ ಧ್ವಜ ದಿನ. 1949ರಿಂದ ನಡೆದುಬಂದಿದೆ. ಅಂಗಿಗೆ ಚುಚ್ಚುವ ಪುಟ್ಟ ಧ್ವಜದ ಹಣ ಯೋಧರ ಕುಟುಂಬಗಳ ನೆರವಿಗೆ.

ಚೆಂಡಿಯಾದ ರಾಣೆ

ಈ ಜಿಲ್ಲೆಗೆ ಹೆಸರಿರುವ ಬೀರನೂ ಒಬ್ಬನಿದ್ದಾನೆ. ರಾಮ ರಾಘೋಬ ರಾಣೆ. ಕಾರವಾರ ತಾಲ್ಲೂಕಿನ ಚೆಂಡಿಯಾದ ಪೊಲೀಸ್ ಕಾನ್‌ಸ್ಟೆಬಲ್ ಮಗ. ತಂದೆಗೆ ವರ್ಗವಾದಲ್ಲೆಲ್ಲ ಶಾಲೆ ಬದಲಿಸುತ್ತ ಬೆಳೆದವರು. 1918ರಲ್ಲಿ ಹುಟ್ಟಿ, 1940ರಲ್ಲಿ ಸೇನೆ ಸೇರಿದರು.

1948ರ ಏಪ್ರಿಲ್. ಕಾಶ್ಮೀರದ ನೌಶೇರಾದಿಂದ ರಜೌರಿಗೆ ಹೋಗುವ ದಾರಿಯಲ್ಲಿ ಟ್ಯಾಂಕುಗಳು ನಿಂತುಬಿಟ್ಟಿವೆ. ಮುಂದೆ ಕಡಿದುರುಳಿಸಿದ ಮರಗಳು, ನೆಲದಲ್ಲಿ ಹೂತ ಸಿಡಿಗುಂಡುಗಳು. ದಾರಿ ಬಿಡಿಸುವ ಕೆಲಸ ಬಾಂಬೆ ಸ್ಯಾಪರ್ಸ್‌ನ ಸೆಕೆಂಡ್ ಲೆಫ್ಟಿನೆಂಟ್ ರಾಣೆಯದು. 8ನೇ ತಾರೀಖು ಕೆಲಸಕ್ಕಿಳಿದ ಕೂಡಲೇ ಮಾರ್ಟರ್ ದಾಳಿಯಲ್ಲಿ ಅವರ ತಂಡದ ಇಬ್ಬರು ಸತ್ತರು. ಅವರಿಗೂ ಗಾಯವಾಯಿತು. ಕೆಲಸ ನಿಲ್ಲಲಿಲ್ಲ. ಟ್ಯಾಂಕಿನ ಅಡಿಯಲ್ಲಿ ತೆವಳುತ್ತ, ಒಳಗಿನ ಚಾಲಕನಿಗೆ ಹಗ್ಗ ಜಗ್ಗಿ ‘ನಡೆ’, ‘ನಿಲ್ಲು’ ಎಂದು ಸನ್ನೆ ಕೊಡುತ್ತ ಅದರ ಜೊತೆಗೇ ಮುಂದೆ ಸರಿದರು. ಮೇಲೆ ಗುಂಡಿನ ಮಳೆ, ಪಕ್ಕದಲ್ಲಿ ಉರುಳುವ ಕಬ್ಬಿಣದ ಚೈನು, ಮುಂದೆ ಮಣ್ಣಿನೊಳಗೆ ಏನಿದೆಯೋ. ಹೀಗೆ 11ರವರೆಗೆ.

ಪರಮವೀರ ಚಕ್ರವನ್ನು ಬದುಕಿದ್ದು ಪಡೆದ ಮೊದಲಿಗರಲ್ಲಿ ಅವರೊಬ್ಬರು. ತೀರಿಕೊಂಡದ್ದು 1994ರಲ್ಲಿ, ಪುಣೆಯಲ್ಲಿ. 1984ರಲ್ಲೇ ತೈಲ ಸಾಗಿಸುವ ಹಡಗೊಂದಕ್ಕೆ ಅವರ ಹೆಸರು ಬಿತ್ತು. ಸ್ವಂತ ಜಿಲ್ಲೆಯ ಕಾರವಾರದ ಕಡಲತೀರದಲ್ಲಿ, ಐಎನ್‌ಎಸ್ ಚಪಲ್ ಯುದ್ಧನೌಕೆ ಸಂಗ್ರಹಾಲಯದ ಬಳಿ ಪ್ರತಿಮೆ ನಿಂತದ್ದು 2006ರ ನವೆಂಬರ್ 7ರಂದು. 2023ರಲ್ಲಿ ಅಂಡಮಾನಿನ ದ್ವೀಪವೊಂದೂ ರಾಣೆ ಹೆಸರು ಪಡೆಯಿತು.

ಹಡಗು, ದ್ವೀಪ, ಪ್ರತಿಮೆ. ಗೌರವದಲ್ಲಿ ಏನೂ ಕಡಿಮೆಯಾಗಿಲ್ಲ. ಕಾರವಾರದ ತೀರಕ್ಕೆ ಸಂಜೆ ಬರುವವರು ಹಡಗಿನ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ. ಪಕ್ಕದಲ್ಲಿರುವ ಈ ಮನುಷ್ಯ ಯಾರೆಂದು ಕೇಳಿದರೆ ಅರ್ಧದಷ್ಟು ಮಂದಿಯಾದರೂ ಫಲಕದ ಕಡೆ ತಿರುಗಿಯಾರು. ಹೆಸರಿದೆ, ಇಸವಿಯಿದೆ, ಪದಕವಿದೆ. ಇವರ ಪಾಲಿನ ಕಾಯಿ ಯಾರ ಮನೆಯ ಜವಾಬ್ದಾರಿಯೂ ಆಗಲಿಲ್ಲ.

ಕಡತದ ನೆನಪಿಗೆ ಇನ್ನೂ ಒಂದು ಕಷ್ಟವಿದೆ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದವರು ಮರಳಲಿಲ್ಲ. ತನಗಿಂತ ಬಲವಾದ ವಿಮಾನವನ್ನು ಉರುಳಿಸಿ ಸತ್ತರೆಂಬ ಸಂಗತಿ ಹೊರಗೆ ಬಂದದ್ದೇ ಎಷ್ಟೋ ವರ್ಷಗಳ ಮೇಲೆ, ಅದೂ ಪಾಕಿಸ್ತಾನದ ಕಡೆಯ ವಿವರಗಳನ್ನು ಆಧರಿಸಿ ಬರೆದ ವಿದೇಶಿ ಲೇಖಕನ ಪುಸ್ತಕದಿಂದ. ಮಹಾವೀರ ಚಕ್ರ ಬಂದಾಗ 1988. ಇಪ್ಪತ್ತಮೂರು ವರ್ಷ ಕಡತ ಏನೂ ಹೇಳಲಿಲ್ಲ. ಕಾರಣರಿಗೆ, ಅಂದರೆ ಮನೆತನದ ಹಿರಿಯರಿಗೆ, ಕೈಮಡ ಕಟ್ಟಿ ಎಡೆ ಇಡುವ ಕೊಡವರ ನಾಡು ಯಾವ ಪ್ರಮಾಣಪತ್ರಕ್ಕೂ ಕಾದು ಕೂರುವಂಥದ್ದಲ್ಲ.

ಆಯುಧ ಹಿಡಿಯದವರು

ಸಿದ್ದಾಪುರದಿಂದ ಜೋಗದ ಕಡೆ ಹೋಗುವ ದಾರಿಯಲ್ಲಿ ಮಾವಿನಗುಂಡಿ ಸಿಗುತ್ತದೆ. ಅಲ್ಲಿರುವ ಸ್ಮಾರಕ ಕತ್ತಿ ಹಿಡಿದವರದ್ದಲ್ಲ. 1930ರ ದಶಕದ ಆರಂಭದ ಕರನಿರಾಕರಣೆಯಲ್ಲಿ ಸರ್ಕಾರ ಜಪ್ತಿ ಮಾಡಿ ಹರಾಜು ಹಾಕಿದ ಜಮೀನನ್ನು ಕೊಂಡವರ ಮನೆಯೆದುರು ಉಪವಾಸ ಕುಳಿತ ಹೆಣ್ಣುಮಕ್ಕಳದ್ದು. ಮಳೆಗಾಡಿನಲ್ಲಿ ಬಂದು ಕುಳಿತವರು. ಹೆಣ್ಣಿನ ಧೈರ್ಯಕ್ಕೆ ಈ ಸೀಮೆ ಎತ್ತಿದ ಕಲ್ಲುಗಳಲ್ಲಿ ನಾನು ಸಂಕೋಚವಿಲ್ಲದೆ ಕೈಮುಗಿಯುವುದು ಇದಕ್ಕೆ.

ಹೆಸರು ಮರಳಿ ಬಂದದ್ದು

ಕಲ್ಲಿಗೆ ಹೆಸರೂ ಇದ್ದು ಊರೂ ಇದ್ದರೆ ಏನಾದೀತು? ಶಿರಸಿಯ ಪಕ್ಕದ ಹಾನಗಲ್ಲಿನಲ್ಲಿ ಒಂದು ಉದಾಹರಣೆಯಿದೆ. 1196ರಲ್ಲಿ ಹೊಯ್ಸಳ ವೀರಬಲ್ಲಾಳ ಆನೆಕೆರೆಯ ಬಳಿ ಬೀಡುಬಿಟ್ಟು ಕೋಟೆಗೆ ಮುತ್ತಿಗೆ ಹಾಕಿದ. ಕದಂಬ ಕಾಮದೇವನ ದಂಡನಾಯಕ ಸೋಹಣಿ ಅವನನ್ನು ಹಿಮ್ಮೆಟ್ಟಿಸುವ ಹೋರಾಟದಲ್ಲಿ ಸತ್ತ. ವೀರಗಲ್ಲಿನ ಶಾಸನ ಹೇಳದಿದ್ದರೆ ಹೊಯ್ಸಳರ ಕಥೆಯೊಂದೇ ಉಳಿಯುತ್ತಿತ್ತು.

ಬೆಂಗಳೂರಿನ ಹೆಬ್ಬಾಳದ್ದು ಇನ್ನೂ ಸೋಜಿಗ. 2018ರಲ್ಲಿ ಅಲ್ಲಿ ಒಂದು ಕಲ್ಲು ಕಣ್ಣಿಗೆ ಬಿತ್ತು. ಕ್ರಿ.ಶ. 750ರ ಸುಮಾರಿನದು, ಗಂಗ ಶ್ರೀಪುರುಷನ ಕಾಲದ್ದು. ದಾಳಿಗೆ ಎದುರಾಗಿ ಕಾದಿ ಸತ್ತ ಕಿತ್ತಯ್ಯ ಎಂಬವನ ಹೆಸರು ಅದರಲ್ಲಿತ್ತು. ಬಡಾವಣೆಯವರು, ಶಾಸನಾಸಕ್ತರು ಸೇರಿ ಮಂಟಪ ಕಟ್ಟಿ ಕಲ್ಲನ್ನು ನಿಲ್ಲಿಸಿದರು. ಸಾಫ್ಟ್‌ವೇರ್ ಕಂಪನಿಗೆ ಹೋಗುವವರಿಗೂ ಈಗ ಕಿತ್ತಯ್ಯ ಗೊತ್ತು. ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ, ಕಣ್ಣಿಗೆ ಕಾಣದ ಅಕ್ಷರವನ್ನೂ ಕಂಪ್ಯೂಟರಿನಲ್ಲಿ ಓದಿ ತೋರಿಸುತ್ತಿದ್ದಾರೆ.

ಅದೇ ನಗರದ ರಾಷ್ಟ್ರೀಯ ಸೈನಿಕ ಸ್ಮಾರಕಕ್ಕೆ ಕೊಯಿರಾ ಎಂಬ ಊರಿನಿಂದ 75 ಅಡಿಯ ಏಕಶಿಲೆ ತಂದು ನಿಲ್ಲಿಸಿದಾಗ ಅದಕ್ಕೆ ಇಟ್ಟ ಹೆಸರೂ ವೀರಗಲ್ಲು. ಎತ್ತರದ ಬಗ್ಗೆ ನನಗೆ ತಕರಾರಿದೆ. ಬೀರಪ್ಪನ ಕಲ್ಲಿಗೆ ಬಗ್ಗಿ ಕುಂಕುಮ ಹಚ್ಚಬಹುದು, ಇದಕ್ಕೆ ಕತ್ತೆತ್ತಿ ನೋಡಬಹುದಷ್ಟೇ. ಆದರೂ ಹೊಸ ಸ್ಮಾರಕಕ್ಕೆ ಹಳೆಯ ಹೆಸರನ್ನೇ ಹುಡುಕಿದರಲ್ಲ, ಅಷ್ಟು ಸಮಾಧಾನ.

ಬಣ್ಣ ಬೇಡ, ಬ್ಯಾಟರಿ ಸಾಕು

ಸೋಂದಾ ಸೀಮೆಯ ಕಲ್ಲುಗಳಿಗೆ ಈಗ ಹಳೆಯ ಶತ್ರುಗಳಿಲ್ಲ, ಹೊಸಬರಿದ್ದಾರೆ. ರಸ್ತೆ ಅಗಲ ಮಾಡುವ ಜೆಸಿಬಿಗೆ ವೀರಗಲ್ಲೂ ಒಂದೇ, ಜಂಬಿಟ್ಟಿಗೆಯೂ ಒಂದೇ. ಕೆಳಗೆ ನಿಧಿಯಿದೆ ಎಂದು ರಾತ್ರಿ ಅಗೆದು ಉರುಳಿಸುವವರು ಇದ್ದಾರೆ. ಇನ್ನೊಂದು ಹಾನಿ ಭಕ್ತಿಯಿಂದಲೇ ಬರುತ್ತದೆ. ಜೀರ್ಣೋದ್ಧಾರದ ಹೆಸರಿನಲ್ಲಿ ಕಲ್ಲಿಗೆ ಆಯಿಲ್ ಪೇಂಟ್ ಬಳಿಯುವುದು, ಗ್ರಾನೈಟ್ ಕಟ್ಟೆಯಲ್ಲಿ ಸಿಮೆಂಟ್ ಹಾಕಿ ಅರ್ಧ ಶಾಸನವನ್ನು ಮುಚ್ಚುವುದು, ಆಸಿಡ್ ಹಾಕಿ ತೊಳೆಯುವುದು.

ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿ ಬೆಟ್ಟದಂಚಿನ ಬೀರಪ್ಪ ಬರುವುದಿಲ್ಲ, ಬರಬೇಕೆಂದು ಕಾಯುವುದೂ ಬೇಡ. ಪೂಜೆ ನಡೆಯುವ ಕಲ್ಲಿಗೆ ಕಾವಲು ಇದ್ದೇ ಇದೆ. ಬೇಕಾಗಿರುವುದು ಆ ಕಾವಲಿಗೆ ಒಂದಿಷ್ಟು ಓದು ಸೇರಿಸುವುದು.

ಅದಕ್ಕೆ ದೊಡ್ಡಹಬ್ಬವೇ ಸರಿಯಾದ ದಿನ. ಬೆಂಗಳೂರಿನಿಂದ ಬಂದ ಮಕ್ಕಳು ಹೇಗೂ ಫೋನ್ ಹಿಡಿದುಕೊಂಡೇ ಹಿಂದೆ ಬರುತ್ತಾರೆ. ಕುಂಕುಮ ಹಚ್ಚುವ ಮೊದಲು ಬರೀ ನೀರು, ತೆಂಗಿನ ನಾರಿನಲ್ಲಿ ಮೆತ್ತಗೆ ತೊಳೆಯಿರಿ. ತಂತಿ ಬ್ರಷ್ ಬೇಡ. ಅಕ್ಷರದ ಮೇಲೆ ಸೀಮೆಸುಣ್ಣ ಉಜ್ಜುವುದೂ ಬೇಡ. ನಡುಮಧ್ಯಾಹ್ನದ ಬೆಳಕಿನಲ್ಲಿ ಏನೂ ಕಾಣುವುದಿಲ್ಲ. ಎಳೆಬಿಸಿಲಿನಲ್ಲಿ, ಇಲ್ಲವೇ ಕತ್ತಲಾದ ಮೇಲೆ ಬ್ಯಾಟರಿಯನ್ನು ಕಲ್ಲಿನ ಮಗ್ಗುಲಿಗೆ ಹಿಡಿದು ಅಡ್ಡಬೆಳಕು ಬಿಟ್ಟರೆ ಸವೆದ ಅಕ್ಷರದ ನೆರಳೂ ಎದ್ದು ಬರುತ್ತದೆ. ಪಟ್ಟಿಕೆಗಳ ನಡುವಿನ ಅಡ್ಡಪಟ್ಟಿ ಮೊದಲು ನೋಡಬೇಕು, ಬರಹ ಇರುವುದು ಹೆಚ್ಚಾಗಿ ಅಲ್ಲೇ. ನಾಲ್ಕು ಮಗ್ಗುಲ ಫೋಟೊ, ಪಕ್ಕದಲ್ಲಿ ಅಳತೆಗೊಂದು ಸ್ಕೇಲು, ಊರಿನ ಹೆಸರು, ಪೂಜೆ ಯಾರ ಮನೆಯದು ಎಂಬ ಒಂದು ಸಾಲು. ಇಷ್ಟನ್ನು ಹತ್ತಿರದ ಕಾಲೇಜಿನ ಇತಿಹಾಸದ ಮೇಷ್ಟರಿಗೆ ಕಳಿಸಿದರೆ ಉಳಿದದ್ದನ್ನು ಅವರು ನೋಡಿಕೊಳ್ಳುತ್ತಾರೆ.